ಮಾಡಿದವರು ಹೋದ ಮೇಲೂ ನಡೆಯಬೇಕಾದ ಪೆಟ್ಟಿಗೆ

ಅಂಕೋಲಾದಲ್ಲಿ ಶುರುವಾಗಿ ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಬೀಡ್ ದಾಟಿ ಉತ್ತರಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 52 ಛತ್ರಪತಿ ಸಂಭಾಜಿನಗರಕ್ಕೆ ಬಂದು ಸೇರುತ್ತದೆ. ಅದೇ ರಸ್ತೆಯಲ್ಲಿ ಧುಳೆಯ ದಿಕ್ಕಿಗೆ ಇನ್ನೂ ಸುಮಾರು 60 ಕಿಲೋಮೀಟರ್ ಹೋದರೆ ಒಂದು ತಾಲ್ಲೂಕು ಕೇಂದ್ರ ಸಿಗುತ್ತದೆ. ಅದರ ಹೆಸರು ಕನ್ನಡ. ಮರಾಠಿಯವರು ಕೊನೆಯ ಅಕ್ಷರವನ್ನು ಅರ್ಧ ನುಂಗಿ ‘ಕನ್ನಡ್’ ಎನ್ನುತ್ತಾರೆ, ಆದರೆ ಬೋರ್ಡಿನ ಮೇಲೆ ಬರೆದಿರುವುದು ಅಚ್ಚ ಕನ್ನಡವೇ. ಊರಿನಿಂದ ಬಂದ ನೆಂಟರನ್ನು ವೇರುಳಕ್ಕೆ ಕರೆದುಕೊಂಡು ಹೋಗಿ, ರಾಷ್ಟ್ರಕೂಟರ ಒಂದನೆಯ ಕೃಷ್ಣ ಕಡೆಸಿದ ಕೈಲಾಸ ದೇವಾಲಯ ತೋರಿಸಿದ ಮೇಲೆ, ಈ ಬೋರ್ಡಿನ ಕೆಳಗೂ ಒಂದು ಫೋಟೋ ಆಗಲೇಬೇಕು.

ನನಗೆ ಮಾತ್ರ ಆ ಊರಿನ ದಾರಿ ಪರಿಚಯವಾದದ್ದು ಬೇರೆ ಕಾರಣಕ್ಕೆ. ಕನ್ನಡ ತಾಲ್ಲೂಕಿನ ಹತ್ತಿ, ಮೆಕ್ಕೆಜೋಳ, ಶುಂಠಿಯ ಹೊಲಗಳಲ್ಲಿ ಬಾವಿಯ ಪಕ್ಕ ಕಂಬಕ್ಕೆ ಬಿಗಿದ ಕಬ್ಬಿಣದ ಪೆಟ್ಟಿಗೆಗಳಿವೆ. ಅವುಗಳಲ್ಲಿ ಕೆಲವನ್ನು ಮಾಡುವುದು ಮತ್ತು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ನಾನು ಬೀದರ್ ಜಿಲ್ಲೆಯ ಭಾಲ್ಕಿಯವನು. ಮೊದಲು ಏಳು ವರ್ಷ ನಾಸಿಕ್‌ನ ಅಂಬಡ ಕೈಗಾರಿಕಾ ಪ್ರದೇಶದಲ್ಲಿ, ಆಮೇಲೆ ಇಲ್ಲಿಯವರೆಗೆ ಸಂಭಾಜಿನಗರದ ವಾಳೂಜ್‌ನಲ್ಲಿ ಕೆಲಸ ಮಾಡಿದ್ದೇನೆ. ಬೆಂಗಳೂರು, ಪುಣೆಯ ಗೆಳೆಯರು ‘ಸಾಫ್ಟ್‌ವೇರ್‌ನಲ್ಲಿದ್ದೀಯಾ, ಹಾರ್ಡ್‌ವೇರ್‌ನಲ್ಲಿದ್ದೀಯಾ’ ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ. ಎರಡರ ನಡುವಿನ ಈ ಕೆಲಸಕ್ಕೆ ಎಂಬೆಡೆಡ್ ಎನ್ನುತ್ತಾರೆ. ಆ ಕೆಲಸದಲ್ಲಿ ಅರ್ಧ ಭಾಗದ ಬಗ್ಗೆ ಯಾರೂ ಮಾತಾಡುವುದಿಲ್ಲ. ಪೆಟ್ಟಿಗೆಯನ್ನು ಮಾಡುವುದು ಒಂದೆರಡು ವರ್ಷದ ಕೆಲಸ. ಅದನ್ನು ಹತ್ತು ಹದಿನೈದು ವರ್ಷ ಜೀವಂತ ಇಡುವುದು ಬೇರೆಯದೇ ಕೆಲಸ. ಈ ಲೇಖನ ಅದರ ಬಗ್ಗೆ.

ರಾತ್ರಿ ಹೊಲಕ್ಕೆ ಹೋಗುವುದು ತಪ್ಪಲಿ ಎಂದು

ಮಹಾರಾಷ್ಟ್ರದಲ್ಲೂ ನಮ್ಮಲ್ಲಿಯಂತೆಯೇ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ಕೆಲವು ದಿನ ಹಗಲು, ಕೆಲವು ದಿನ ರಾತ್ರಿ. ಇಲ್ಲಿ ರೈತರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ‘ಲೈಟ್ ಆಲೀ ಕಾ?’ ಎಂದು. ನಮ್ಮ ‘ಕರೆಂಟು ಬಂತೇನೋ?’ ಇದ್ದ ಹಾಗೆ. ರಾತ್ರಿ ಹನ್ನೆರಡಕ್ಕೆ ಬಂತೆಂದರೆ ಹನ್ನೆರಡಕ್ಕೇ ಎದ್ದು, ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿ ಮೋಟರ್ ಹಚ್ಚಬೇಕು. ದಾರಿಯಲ್ಲಿ ಹಾವು, ಬದುವಿನಲ್ಲಿ ಕೆಸರು. ಕನ್ನಡ ಊರಿನಾಚೆ ಗೌತಾಳಾ ಕಾಡು ಮತ್ತು ಘಾಟಿ. ನಾಸಿಕ್ ಕಡೆ ನಿಫಾಡ್, ದಿಂಡೋರಿ, ಸಿನ್ನರ್‌ಗಳಲ್ಲಿ ಕಬ್ಬಿನ ಗದ್ದೆಯೊಳಗೇ ಚಿರತೆ ಮರಿ ಹಾಕುತ್ತದೆ.

ಮೊಬೈಲಿನಿಂದ ಮೋಟರ್ ಹಚ್ಚುವ ಪೆಟ್ಟಿಗೆ ಹುಟ್ಟಿದ್ದು ಈ ಕಷ್ಟದಿಂದ. ಪುಣೆಯ ಸಂತೋಷ್ ಓಸ್ತವಾಲ್ ಅವರ ‘ನ್ಯಾನೊ ಗಣೇಶ್’ ಇಂಥವುಗಳಲ್ಲಿ ಮೊದಮೊದಲು ಹೆಸರು ಮಾಡಿದ ಸಾಧನ. ಈಗ ಹತ್ತಾರು ಕಂಪನಿಗಳು ಮಾಡುತ್ತವೆ. ಪೆಟ್ಟಿಗೆಯಲ್ಲಿ ಒಂದು ಸಿಮ್ ಇರುತ್ತದೆ. ರೈತ ಮನೆಯಿಂದ ಫೋನ್ ಮಾಡಿದರೆ ಮೋಟರ್ ಶುರು. ಮೂರು ಫೇಸಿನಲ್ಲಿ ಒಂದು ಹೋದರೆ ಪೆಟ್ಟಿಗೆ ತಾನೇ ಮೋಟರ್ ನಿಲ್ಲಿಸಬೇಕು, ಇಲ್ಲದಿದ್ದರೆ ವೈಂಡಿಂಗ್ ಸುಟ್ಟುಹೋಗುತ್ತದೆ. ಬಾವಿಯಲ್ಲಿ ನೀರು ತಳ ಕಂಡರೆ ಮೋಟರ್ ಎಳೆಯುವ ಕರೆಂಟು ಇಳಿಯುತ್ತದೆ, ಅದನ್ನು ನೋಡಿ ಆಗಲೂ ನಿಲ್ಲಿಸಬೇಕು. ಮೋಟರ್ ಒಮ್ಮೆ ಸುಟ್ಟರೆ ರಿವೈಂಡಿಂಗಿಗೆ ಸಾವಿರಾರು ರೂಪಾಯಿ ಮಾತ್ರವಲ್ಲ, ಶುಂಠಿಗೆ ನೀರು ಬೇಕಾದ ಹೊತ್ತಿನಲ್ಲಿ ನಾಲ್ಕೈದು ದಿನವೂ ಹೋಗುತ್ತದೆ.

ಪೆಟ್ಟಿಗೆ ಕೆಟ್ಟರೆ ರೈತ ಮತ್ತೆ ರಾತ್ರಿ ಹೊಲಕ್ಕೆ ಹೋಗಬೇಕು. ನನ್ನ ಕೆಲಸದಲ್ಲಿ ‘ಬಗ್’ ಎಂಬ ಪದಕ್ಕೆ ಇರುವ ಅರ್ಥ ಇದು.

ಒಳಗಿರುವುದು ಏನು?

ಪೆಟ್ಟಿಗೆಯೊಳಗೆ ಬೆರಳುಗುರಿನಷ್ಟು ಅಗಲದ ಒಂದು ಚಿಪ್. ನಾವು ಬಹಳ ವರ್ಷ ಬಳಸಿದ ಚಿಪ್ಪಿನಲ್ಲಿ ಪ್ರೋಗ್ರಾಂ ಇಡಲು 64 ಕಿಲೋಬೈಟ್, ಲೆಕ್ಕ ಮಾಡಲು 20 ಕಿಲೋಬೈಟ್ ಜಾಗ. ನಿಮ್ಮ ಕೈಯಲ್ಲಿರುವ ಫೋನಿನ ರ‍್ಯಾಮ್ 8 ಜಿಬಿ ಇದ್ದರೆ, ಇದರ ನಾಲ್ಕು ಲಕ್ಷ ಪಟ್ಟಿಗೂ ಹೆಚ್ಚು. ಇಷ್ಟು ಚಿಕ್ಕ ಜಾಗದಲ್ಲೂ ಒಂದು ಆಪರೇಟಿಂಗ್ ಸಿಸ್ಟಮ್ ಕೂತಿರುತ್ತದೆ. ವಿಂಡೋಸ್, ಆಂಡ್ರಾಯ್ಡ್‌ನಂತೆ ಪರದೆ, ಚಿತ್ರ, ಆ್ಯಪ್ ಎಲ್ಲ ಅದಕ್ಕಿಲ್ಲ. ಅದಕ್ಕಿರುವ ಕೆಲಸ ಒಂದೇ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾರು ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಸೆಕೆಂಡಿಗೆ ಸಾವಿರ ಸಲ ನೋಡುವುದು.

ಮದುವೆ ಮನೆಯ ಅಡುಗೆ ಭಟ್ಟರನ್ನು ನೆನೆಸಿಕೊಳ್ಳಿ. ಒಲೆಯ ಮೇಲೆ ಹಾಲು, ಪಕ್ಕದಲ್ಲಿ ಅನ್ನ, ಆಚೆ ತರಕಾರಿ ಹೆಚ್ಚುವವರು. ಹಾಲು ಉಕ್ಕುವಂತಾದರೆ ಉಳಿದದ್ದೆಲ್ಲ ಬಿಟ್ಟು ಅದನ್ನೇ ನೋಡಬೇಕು. ನಮ್ಮ ಪೆಟ್ಟಿಗೆಯಲ್ಲಿ ಹಾಲಿನ ಜಾಗದಲ್ಲಿರುವುದು ಫೇಸ್ ಹೋಗುವುದನ್ನು ನೋಡುವ ಕೆಲಸ. ಸಿಮ್ ಜೊತೆ ಮಾತಾಡುವುದು ಅನ್ನ. ಪರದೆಯ ಮೇಲೆ ಅಂಕಿ ತೋರಿಸುವುದು ತರಕಾರಿ.

ಇಂಥ ಆಪರೇಟಿಂಗ್ ಸಿಸ್ಟಮ್‌ಗಳು ಹಲವು. ವಿಂಡ್ ರಿವರ್ ಕಂಪನಿಯ ವಿಎಕ್ಸ್‌ವರ್ಕ್ಸ್ 1987ರಿಂದ ಇದೆ. ರಿಚರ್ಡ್ ಬ್ಯಾರಿ 2003ರಲ್ಲಿ ಹೊರತಂದ ಫ್ರೀ ಆರ್‌ಟಿಒಎಸ್ ಎಲ್ಲರೂ ಬಳಸಬಹುದಾದ ಉಚಿತ ವ್ಯವಸ್ಥೆ, 2017ರಿಂದ ಅಮೆಜಾನ್ ಅದನ್ನು ನೋಡಿಕೊಳ್ಳುತ್ತಿದೆ. ಲಿನಕ್ಸ್ ಫೌಂಡೇಶನ್ 2016ರಲ್ಲಿ ಝೆಫಿರ್ ಎಂಬ ಯೋಜನೆ ಶುರುಮಾಡಿತು. ಇವು ಹೊಲಕ್ಕಷ್ಟೇ ಸೇರಿದವಲ್ಲ. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಪೆಟ್ರೋಲ್ ಎಷ್ಟು ಬಿಡಬೇಕೆಂದು ಲೆಕ್ಕ ಹಾಕುವ ಪುಟ್ಟ ಕಂಪ್ಯೂಟರ್ ಬಂತು. 1985ರಿಂದ ವಾಳೂಜ್‌ನಲ್ಲಿರುವ ಬಜಾಜ್ ಕಾರ್ಖಾನೆಯಿಂದ ಹೊರಬರುವ ಬೈಕುಗಳೂ ಈ ಸಾಲಿಗೆ ಸೇರಿದವು. ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್, ಬಟ್ಟೆ ಒಗೆಯುವ ಮಶೀನ್, ವೈಫೈ ರೂಟರ್, ಗೋಡೆಯ ಮೇಲಿನ ಸ್ಮಾರ್ಟ್ ಮೀಟರ್ ಎಲ್ಲವೂ ಇದೇ ಕುಲದವು.

49 ದಿನ, 17 ಗಂಟೆ

ಎಂಬೆಡೆಡ್ ಸಾಧನದ ಕಾಯಿಲೆಗಳು ವಿಚಿತ್ರ. ಪ್ರಯೋಗಾಲಯದಲ್ಲಿ ಕಾಣುವುದಿಲ್ಲ, ಹೊಲದಲ್ಲಿ ಕಾಣುತ್ತವೆ. ಅದರಲ್ಲೂ ಕೆಲವು ಎಲ್ಲ ಹೊಲದಲ್ಲೂ ಕಾಣುವುದಿಲ್ಲ.

ಒಮ್ಮೆ ನಮ್ಮ ಪೆಟ್ಟಿಗೆಗಳನ್ನೇ ಕೆಲವು ಹಳ್ಳಿಗಳ ಕುಡಿಯುವ ನೀರಿನ ಟ್ಯಾಂಕಿಗೂ ಹಾಕಿದರು. ಅಲ್ಲಿ ಕರೆಂಟು ಹೋದರೂ ಲೆಕ್ಕ ತಪ್ಪಬಾರದೆಂದು ಬ್ಯಾಟರಿ ಜೋಡಿಸಿದ್ದರು. ಕೆಲವು ವಾರಗಳಲ್ಲಿ ದೂರು ಬರತೊಡಗಿತು. ಪೆಟ್ಟಿಗೆ ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ, ಬ್ಯಾಟರಿ ತೆಗೆದು ಹಾಕಿದರೆ ಸರಿಹೋಗುತ್ತದೆ. ಅದೇ ಕೋಡ್ ಇದ್ದ ರೈತರ ಪೆಟ್ಟಿಗೆಗಳು ಮೂರು ವರ್ಷದಿಂದ ಗಟ್ಟಿಮುಟ್ಟಾಗಿ ನಡೆಯುತ್ತಿದ್ದವು. ಬ್ಯಾಟರಿ, ವೈರು, ಸಿಮ್ ಎಲ್ಲದರ ಮೇಲೂ ಅನುಮಾನ ಹೋಯಿತು. ಕೊನೆಗೆ ಉತ್ತರ ಸಿಕ್ಕಿದ್ದು ನೀರು ಬಿಡುವ ಕಾಕಾ ಒಬ್ಬರ ನೋಟ್‌ಬುಕ್ಕಿನಲ್ಲಿ. ಪೆಟ್ಟಿಗೆ ನಿಂತ ದಿನವನ್ನೆಲ್ಲ ಅವರು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದರು. ಎರಡು ಗುರುತಿನ ನಡುವೆ ಒಮ್ಮೆ 49 ದಿನ, ಒಮ್ಮೆ 50 ದಿನ, ಮತ್ತೆ 49.

ಈ ಅಂಕಿ ನೋಡಿದರೆ ನಮ್ಮ ಕಸುಬಿನವರಿಗೆ ಕೂಡಲೇ ಗೊತ್ತಾಗುತ್ತದೆ. ಚಿಪ್ ಶುರುವಾದಾಗಿನಿಂದ ಎಷ್ಟು ಮಿಲಿಸೆಕೆಂಡ್ ಆಯಿತು ಎಂದು ಎಣಿಸುವ 32 ಬಿಟ್ಟಿನ ಎಣಿಕೆ ಸುಮಾರು 429 ಕೋಟಿ ಮುಟ್ಟಿದ ಮೇಲೆ ಸೊನ್ನೆಗೆ ಮರಳುತ್ತದೆ. ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರು 99999 ಆದ ಮೇಲೆ ಮತ್ತೆ 00000ಕ್ಕೆ ಬರುತ್ತಿತ್ತಲ್ಲ, ಹಾಗೆ. 429 ಕೋಟಿ ಮಿಲಿಸೆಕೆಂಡ್ ಎಂದರೆ 49 ದಿನ, 17 ಗಂಟೆ. ‘ಐದು ನಿಮಿಷದ ನಂತರ ಮಾಡು’ ಎಂದು ಕಾಯುತ್ತಿರುವ ಕೆಲಸ, ಆ ಹೊತ್ತು ಇನ್ನೂ ಬಂದಿಲ್ಲವೆಂದುಕೊಂಡು ಕಾಯುತ್ತಲೇ ಇರುತ್ತದೆ. ‘ಗಂಟೆ ಇಷ್ಟಾಯಿತೇ?’ ಎಂದು ನೋಡುವ ಬದಲು ‘ಶುರುವಾಗಿ ಎಷ್ಟು ಹೊತ್ತಾಯಿತು?’ ಎಂದು ಕಳೆದು ನೋಡಿದರೆ ಈ ತೊಂದರೆ ಬರುವುದಿಲ್ಲ. ತಿದ್ದಿದ್ದು ಒಂದೇ ಸಾಲು.

ರೈತರ ಪೆಟ್ಟಿಗೆಗಳಲ್ಲಿ ಇದು ಯಾಕೆ ಕಾಣಲಿಲ್ಲ? ಲೋಡ್ ಶೆಡ್ಡಿಂಗ್! ದಿನಕ್ಕೊಮ್ಮೆ ಕರೆಂಟು ಹೋಗಿ ಬಂದು ಎಣಿಕೆ ಸೊನ್ನೆಯಿಂದಲೇ ಶುರುವಾಗುತ್ತಿತ್ತು. ಕರೆಂಟು ಚೆನ್ನಾಗಿದ್ದ ಕಡೆಯೇ ಪೆಟ್ಟಿಗೆ ಕೆಟ್ಟಿತು.

ಇದು ಸಣ್ಣ ಕಂಪನಿಗಳ ರೋಗವಷ್ಟೇ ಅಲ್ಲ. ವಿಂಡೋಸ್ 95ರಲ್ಲೂ ಇದೇ 49 ದಿನದ ತೊಂದರೆ ಇತ್ತು. 2015ರಲ್ಲಿ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ, ಬೋಯಿಂಗ್ 787 ವಿಮಾನದ ವಿದ್ಯುತ್ತನ್ನು ಆಗಾಗ ಆರಿಸಿ ಹಚ್ಚಬೇಕೆಂದು ಆದೇಶ ಹೊರಡಿಸಿತು. ಸತತ 248 ದಿನ ಚಾಲೂ ಇದ್ದರೆ ಜನರೇಟರ್ ನಿಯಂತ್ರಿಸುವ ಘಟಕಗಳ ಎಣಿಕೆ ಉಕ್ಕಿ, ವಿಮಾನ ವಿದ್ಯುತ್ ಕಳೆದುಕೊಳ್ಳುವ ಅಪಾಯವಿತ್ತು.

ಸವೆಯುವ ನೆನಪು, ಬೇಯುವ ಪೆಟ್ಟಿಗೆ

ಸಾಫ್ಟ್‌ವೇರ್ ಸವೆಯುವುದಿಲ್ಲ ಎಂದು ಕಾಲೇಜಿನಲ್ಲಿ ಓದಿರುತ್ತೇವೆ. ಅದು ಕೂತಿರುವ ಜಾಗ ಸವೆಯುತ್ತದೆ. ಚಿಪ್ಪಿನೊಳಗಿನ ಫ್ಲ್ಯಾಶ್ ಮೆಮೊರಿಯ ಒಂದು ಪುಟವನ್ನು ಸುಮಾರು 10,000 ಸಲ ಅಳಿಸಿ ಬರೆಯಬಹುದು ಎಂದು ತಯಾರಕರು ಹೇಳುತ್ತಾರೆ. ದೊಡ್ಡ ಸಂಖ್ಯೆ ಎನಿಸುತ್ತದೆ. ಆದರೆ ಮೋಟರ್ ಎಷ್ಟು ಗಂಟೆ ಓಡಿತು ಎಂಬುದನ್ನು ಹತ್ತು ನಿಮಿಷಕ್ಕೊಮ್ಮೆ ಅದೇ ಪುಟದಲ್ಲಿ ಬರೆದರೆ ದಿನಕ್ಕೆ 144 ಸಲವಾಯಿತು. ಎಪ್ಪತ್ತು ದಿನದಲ್ಲಿ 10,000 ಮುಗಿಯುತ್ತದೆ. ಆಮೇಲೆ ಅಂಕಿಗಳು ತಮಗೆ ತೋಚಿದಂತೆ ಬದಲಾಗತೊಡಗುತ್ತವೆ. ಅದಕ್ಕೇ ಪುಟಗಳನ್ನು ಸರದಿಯ ಮೇಲೆ ಬಳಸಬೇಕು. ಇಲ್ಲವೇ ಕರೆಂಟು ಹೋಗುವ ಸುಳಿವು ಸಿಕ್ಕ ಕೂಡಲೇ, ಕೆಪ್ಯಾಸಿಟರಿನಲ್ಲಿ ಉಳಿದ ಚೂರು ವಿದ್ಯುತ್ತಿನಲ್ಲಿ ಒಮ್ಮೆ ಮಾತ್ರ ಬರೆದು ಮಲಗಬೇಕು.

ಇನ್ನು ಮರಾಠವಾಡಾದ ಬಿಸಿಲು. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದರೆ ನೆರಳಿಲ್ಲದ ಕಬ್ಬಿಣದ ಪೆಟ್ಟಿಗೆಯೊಳಗೆ ಅದಕ್ಕಿಂತ ಬಹಳ ಹೆಚ್ಚು. ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರಿನ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧವಾಗುತ್ತದೆ ಎಂಬುದು ಕಸುಬಿನ ಲೆಕ್ಕ. ಕೆಪ್ಯಾಸಿಟರ್ ಸೊರಗಿದರೆ ಸಿಮ್ ಇರುವ ಮೋಡೆಮ್ ಟವರಿಗೆ ಕೂಗುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಚಿಪ್ ಮೊದಲಿಂದ ಶುರುವಾಗುತ್ತದೆ. ನೋಡುವವರಿಗೆ ಇದು ಸಾಫ್ಟ್‌ವೇರ್ ದೋಷದಂತೆಯೇ ಕಾಣುತ್ತದೆ. ಬೆಚ್ಚಗಿನ ಪೆಟ್ಟಿಗೆ ಹುಡುಕಿಕೊಂಡು ಬಂದ ಹಲ್ಲಿ ಎರಡು ತಂತಿಗಳ ನಡುವೆ ಸೇತುವೆಯಾಗಿ ಸತ್ತಿರುತ್ತದೆ. ರಿಲೇಯ ಸಂದಿಯಲ್ಲಿ ಇರುವೆ ಗೂಡು ಕಟ್ಟಿರುತ್ತದೆ. ಮೊದಲ ಮಳೆಯ ಸಿಡಿಲಿಗೆ ಒಂದು ಸಾಲಿನ ಪೆಟ್ಟಿಗೆಗಳೆಲ್ಲ ಒಟ್ಟಿಗೆ ಹೋಗುತ್ತವೆ. ಹಾಗಾಗಿ ನಮ್ಮ ಲ್ಯಾಪ್‌ಟಾಪ್ ಚೀಲದಲ್ಲಿ ಒಂದು ಬಣ್ಣದ ಬ್ರಷ್ ಕೂಡ ಇರುತ್ತದೆ. ಅದು ಇರುವೆ ಗುಡಿಸಲು.

ದೂರದಿಂದ ರಿಪೇರಿ

ಇನ್ನೂರು ಹಳ್ಳಿಗಳಲ್ಲಿ ಹರಡಿರುವ ಪೆಟ್ಟಿಗೆಗಳಲ್ಲಿ ಒಂದು ಸಾಲು ಕೋಡ್ ಬದಲಿಸಬೇಕಾದರೆ ಪ್ರತಿಯೊಂದಕ್ಕೂ ಹೋಗಲು ಆಗುವುದಿಲ್ಲ. ಸಿಮ್ ಮೂಲಕವೇ ಹೊಸ ಪ್ರೋಗ್ರಾಂ ಕಳಿಸಬೇಕು. ಈ ವಿಷಯದಲ್ಲಿ ನಮ್ಮವರೆಲ್ಲ ಓದುವ ಪಾಠ 1997ರ ಮಾರ್ಸ್ ಪಾಥ್‌ಫೈಂಡರ್‌ನದು. ಜುಲೈ 4ರಂದು ಮಂಗಳನ ಮೇಲೆ ಇಳಿದ ಆ ನೌಕೆಯಲ್ಲಿ ಇದ್ದದ್ದು ವಿಎಕ್ಸ್‌ವರ್ಕ್ಸ್. ಕೆಲವು ದಿನಗಳಲ್ಲಿ ಅದರ ಕಂಪ್ಯೂಟರ್ ಮತ್ತೆ ಮತ್ತೆ ಮೊದಲಿಂದ ಶುರುವಾಗತೊಡಗಿತು.

ಕಾರಣಕ್ಕೆ ಮತ್ತೆ ಅಡುಗೆಮನೆಗೇ ಹೋಗೋಣ. ಭಟ್ಟರಿಗೆ ಬೇಕಾದ ಒಂದೇ ದೊಡ್ಡ ಸೌಟು ಸಹಾಯಕ ಹುಡುಗನ ಕೈಯಲ್ಲಿದೆ. ಹುಡುಗ ಕೊಡುವಷ್ಟರಲ್ಲಿ ಯಾರೋ ನೆಂಟರು ಬಂದು ಅವನನ್ನು ಎಲೆ ಹಾಕಲು ಎಳೆದುಕೊಂಡು ಹೋಗುತ್ತಾರೆ. ನೆಂಟರ ಕೆಲಸ ಭಟ್ಟರ ಕೆಲಸಕ್ಕಿಂತ ಕಡಿಮೆಯದು, ಆದರೂ ಭಟ್ಟರು ಕಾಯಬೇಕಾಯಿತು. ನೌಕೆಯಲ್ಲಿ ಹವಾಮಾನ ನೋಡುವ ಕೆಳದರ್ಜೆಯ ಕೆಲಸ ಸೌಟು ಹಿಡಿದಿತ್ತು, ಮಾಹಿತಿ ಸಾಗಿಸುವ ಮೇಲ್ದರ್ಜೆಯ ಕೆಲಸ ಕಾಯುತ್ತಿತ್ತು, ನಡುವಿನ ದರ್ಜೆಯ ಕೆಲಸಗಳು ಅಡ್ಡ ಬಂದವು. ಹೀಗೆ ಸಿಕ್ಕಿಹಾಕಿಕೊಂಡಾಗ ವ್ಯವಸ್ಥೆಯನ್ನು ಮೊದಲಿಂದ ಶುರುಮಾಡುವ ಒಂದು ಕಾವಲು ಇರುತ್ತದೆ. ನಿಗದಿತ ಹೊತ್ತಿಗೆ ಊಟ ಹಾಕದಿದ್ದರೆ ಬೊಗಳುವ ಅದಕ್ಕೆ ವಾಚ್‌ಡಾಗ್ ಎಂದೇ ಹೆಸರು. ಭೂಮಿಯ ಮೇಲಿದ್ದ ತದ್ರೂಪಿ ಯಂತ್ರದಲ್ಲಿ ಇಂಜಿನಿಯರುಗಳು ಅದೇ ತೊಂದರೆಯನ್ನು ಬರಿಸಿ ನೋಡಿದರು. ಸೌಟು ಹಿಡಿದವನಿಗೆ ಅದನ್ನು ಕೊಡುವವರೆಗೆ ಭಟ್ಟರದೇ ದರ್ಜೆ ಸಿಗುವ ಒಂದು ಸೌಲಭ್ಯ ವಿಎಕ್ಸ್‌ವರ್ಕ್ಸ್‌ನಲ್ಲಿ ಮೊದಲೇ ಇತ್ತು. ಅದನ್ನು ಇಲ್ಲಿಂದಲೇ ಚಾಲೂ ಮಾಡಿದರು.

ಕೋಟ್ಯಂತರ ಕಿಲೋಮೀಟರ್ ಆಚೆ ಅದು ಸಾಧ್ಯವಾದದ್ದು ಎರಡು ಕಾರಣಕ್ಕೆ. ಒಂದು, ನೌಕೆಯದೇ ಪ್ರತಿ ಭೂಮಿಯ ಮೇಲೆ ಇತ್ತು. ಎರಡು, ದೂರದಿಂದ ತಿದ್ದುವ ದಾರಿಯನ್ನು ಮೊದಲೇ ಇಟ್ಟಿದ್ದರು. ವಾಳೂಜ್‌ನ ನಮ್ಮ ಕೋಣೆಯ ಗೋಡೆಗೆ ನಾವು ಮಾರಿದ ಪ್ರತಿ ಮಾದರಿಯ ಒಂದೊಂದು ಪೆಟ್ಟಿಗೆ ಹಗಲೂ ರಾತ್ರಿ ಓಡುತ್ತಿರುತ್ತದೆ. ಹೊಸ ಪ್ರೋಗ್ರಾಂ ಮೊದಲು ಆ ಗೋಡೆಗೆ, ಆಮೇಲೆ ಹತ್ತು ಹೊಲಕ್ಕೆ, ಒಂದು ವಾರ ಬಿಟ್ಟು ನೂರಕ್ಕೆ, ಕೊನೆಗೆ ಎಲ್ಲಕ್ಕೆ. ಮೆಮೊರಿಯಲ್ಲಿ ಎರಡು ಮನೆ ಮಾಡಿ ಹಳೆಯ ಪ್ರೋಗ್ರಾಂ ಒಂದರಲ್ಲಿ, ಹೊಸದು ಇನ್ನೊಂದರಲ್ಲಿ ಇಡುತ್ತೇವೆ. ಕಳಿಸುವ ನಡುವೆ ಕರೆಂಟು ಹೋದರೆ ಅಥವಾ ಹೊಸದು ಸರಿಯಾಗಿ ಏಳದಿದ್ದರೆ ಪೆಟ್ಟಿಗೆ ತಾನಾಗಿಯೇ ಹಳೆಯದಕ್ಕೆ ಮರಳುತ್ತದೆ. ಜೊತೆಗೆ ಪ್ರೋಗ್ರಾಂ ನಮ್ಮದೇ ಎಂದು ತೋರಿಸುವ ಡಿಜಿಟಲ್ ಸಹಿ ಇಲ್ಲದಿದ್ದರೆ ಪೆಟ್ಟಿಗೆ ಅದನ್ನು ಮುಟ್ಟಬಾರದು. ಈ ಮೂರಕ್ಕೂ ಹೆಚ್ಚು ಮೆಮೊರಿ ಬೇಕು, ಅಂದರೆ ದೊಡ್ಡ ಚಿಪ್ ಬೇಕು. ಒಂದು ಪೆಟ್ಟಿಗೆಗೆ ಕೆಲವು ಹತ್ತು ರೂಪಾಯಿ ಹೆಚ್ಚಾಗುವ ಈ ವಿಷಯಕ್ಕೇ ಪ್ರತಿ ಮೀಟಿಂಗಿನಲ್ಲಿ ಜಗಳ.

ಟವರು ಕೂಡ ಶಾಶ್ವತವಲ್ಲ. 3ಜಿ ಬಂದಾಗ 2ಜಿ ಬೇಗ ಮುಚ್ಚುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. ಆದದ್ದು ಉಲ್ಟಾ. 2020ರಲ್ಲಿ ಏರ್‌ಟೆಲ್ 3ಜಿಯನ್ನೇ ಮುಚ್ಚಿತು, 2ಜಿ ಉಳಿಯಿತು. 2016ರಲ್ಲಿ ನೇರವಾಗಿ 4ಜಿಯೊಂದಿಗೆ ಬಂದ ಜಿಯೊದಲ್ಲಿ 2ಜಿ ಇಲ್ಲವೇ ಇಲ್ಲ. ಹಾಗಾಗಿ ಹಳೆಯ ಪೆಟ್ಟಿಗೆಗೆ ಜಿಯೊ ಸಿಮ್ ಹಾಕಿ ‘ಮಶೀನ್ ಸತ್ತಿದೆ’ ಎಂದು ಫೋನ್ ಮಾಡುವವರು ಇವತ್ತಿಗೂ ಇದ್ದಾರೆ. ಮೋಡೆಮನ್ನು ಬೋರ್ಡಿಗೆ ಬೆಸುಗೆ ಹಾಕದೆ, ಕಳಚಿ ಬೇರೆ ಹಾಕುವಂತೆ ಇಟ್ಟವರು ಬಚಾವಾದರು.

ನಾಸಿಕ್‌ನ ಬೀರು

ನಾಸಿಕ್‌ನಲ್ಲಿದ್ದಾಗ ಕಂಡ ಒಂದು ಸಂಗತಿ ಹೇಳಬೇಕು. ದ್ರಾಕ್ಷಿಯ ಶೀತಗೃಹಗಳಿಗೆ ನಿಯಂತ್ರಣ ಪೆಟ್ಟಿಗೆ ಮಾಡಿಕೊಡುತ್ತಿದ್ದ ಒಂದು ಸಣ್ಣ ಕಂಪನಿಯಲ್ಲಿ ಕಬ್ಬಿಣದ ಬೀರುವೊಂದಿತ್ತು. ಅದರಲ್ಲಿ ಒಂದು ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್. ಅದಕ್ಕೆ ಇಂಟರ್‌ನೆಟ್ ಇಲ್ಲ, ಯಾರೂ ಮುಟ್ಟುವಂತಿಲ್ಲ. ಯಾಕೆಂದರೆ ಹಳೆಯ ಪೆಟ್ಟಿಗೆಗಳ ಪ್ರೋಗ್ರಾಂ ತಯಾರಿಸುವ ಕಂಪೈಲರ್ ಅದರಲ್ಲಿ ಮಾತ್ರ ಓಡುತ್ತಿತ್ತು. ಅದರ ಲೈಸೆನ್ಸ್ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಒಂದು ಪ್ಲಾಸ್ಟಿಕ್ ತುಂಡಿನಲ್ಲಿತ್ತು. ಈಗಿನ ಲ್ಯಾಪ್‌ಟಾಪಿನಲ್ಲಿ ಅಂಥ ಪೋರ್ಟೇ ಇಲ್ಲ. ಇನ್ನೂ ಹಿಂದಿನ ಒಂದು ಮಾದರಿಯ ಮೂಲ ಕೋಡ್ ಕೆಲಸ ಬಿಟ್ಟುಹೋದ ಯಾರದೋ ಲ್ಯಾಪ್‌ಟಾಪಿನೊಂದಿಗೆ ಹೋಗಿತ್ತು. ಉಳಿದಿದ್ದದ್ದು ಚಿಪ್ಪಿಗೆ ತುಂಬುವ ಅಂಕಿಗಳ ಫೈಲ್ ಮಾತ್ರ. ಅದರಿಂದ ಹೊಸ ಪೆಟ್ಟಿಗೆ ತುಂಬಬಹುದು, ಒಂದಕ್ಷರ ತಿದ್ದಲು ಬರುವುದಿಲ್ಲ. ಆ ಪೆಟ್ಟಿಗೆಗಳು ಟನ್ನುಗಟ್ಟಲೆ ದ್ರಾಕ್ಷಿ ಕಾಯುತ್ತಿದ್ದವು.

2021ರಲ್ಲಿ ಜಗತ್ತಿನಾದ್ಯಂತ ಚಿಪ್ ಕೊರತೆ ಬಂದಾಗ ಇಂಥ ಕಂಪನಿಗಳ ಕಷ್ಟ ಬಯಲಾಯಿತು. ಬಳಸುತ್ತಿದ್ದ ಚಿಪ್ಪಿನ ಬೆಲೆ ಹಲವು ಪಟ್ಟು ಏರಿತು, ಆಮೇಲೆ ಸಿಗುವುದೇ ನಿಂತಿತು. ಬೇರೆ ಚಿಪ್ಪಿಗೆ ಹೋಗೋಣವೆಂದರೆ ಕೋಡ್ ಬೇಕು. ಮೊದಲಿನಿಂದಲೂ ಒಂದು ಆಪರೇಟಿಂಗ್ ಸಿಸ್ಟಮ್ ಮೇಲೆ ಶಿಸ್ತಾಗಿ ಬರೆದಿದ್ದವರು ಕೆಳಗಿನ ಪದರವನ್ನಷ್ಟೇ ಬದಲಿಸಿ ಕೆಲವು ವಾರಗಳಲ್ಲಿ ದಾಟಿಕೊಂಡರು. ಎಲ್ಲವನ್ನೂ ಒಂದೇ ಫೈಲಿನಲ್ಲಿ ಕಲಸಿಟ್ಟವರು ಮೊದಲಿಂದ ಬರೆದರು.

ನಾಸಿಕ್ ಪಕ್ಕದ ಓಝರ್‌ನಲ್ಲಿ ಎಚ್‌ಎಎಲ್ ಕಾರ್ಖಾನೆ ಇದೆ. ಸುಖೋಯ್-30 ಎಂಕೆಐ ಯುದ್ಧವಿಮಾನ ಜೋಡಣೆಯಾಗುವುದು ಅಲ್ಲಿ. ಆ ವಿಮಾನದ ಮಿಷನ್ ಕಂಪ್ಯೂಟರ್ ರೂಪುಗೊಂಡದ್ದು ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಡೇರ್‌ನಲ್ಲಿ. ವಿಮಾನ ಮೂವತ್ತು ನಲವತ್ತು ವರ್ಷ ಹಾರುತ್ತದೆ, ಅದರಲ್ಲಿರುವ ಚಿಪ್ ಅಷ್ಟು ಕಾಲ ಮಾರುಕಟ್ಟೆಯಲ್ಲಿ ಇರುವುದಿಲ್ಲ. ಆದ್ದರಿಂದ ವಿಮಾನ ಮಾಡುವವರು ಕೋಡ್, ಕಂಪೈಲರ್, ಪರೀಕ್ಷೆಯ ದಾಖಲೆ, ಬಿಡಿಭಾಗಗಳನ್ನು ದಶಕಗಳ ಲೆಕ್ಕದಲ್ಲಿ ಕಾಪಾಡಿಕೊಳ್ಳಲೇಬೇಕು. ನಮ್ಮ ಪಂಪಿನ ಪೆಟ್ಟಿಗೆಗೆ ಅಷ್ಟು ದುಡ್ಡಿಲ್ಲ. ಆದರೂ ಮೂಲ ಕೋಡ್ ಎಲ್ಲಿದೆ, ಯಾವ ಆವೃತ್ತಿಯ ಕಂಪೈಲರಿನಿಂದ ಮಾಡಿದ್ದು, ಸಹಿಯ ಕೀಲಿ ಯಾರ ಹತ್ತಿರ ಇದೆ ಎಂಬ ಮೂರು ವಿಷಯ ಒಂದು ಪುಟದಲ್ಲಿ ಬರೆದಿಡಲು ದುಡ್ಡು ಬೇಡ.

ಪೆಟ್ಟಿಗೆ ಯಾವ ಭಾಷೆಯಲ್ಲಿ ಮಾತಾಡಬೇಕು?

ಅಗ್ಗದ ಪೆಟ್ಟಿಗೆಗಳಲ್ಲಿರುವುದು 16 ಅಕ್ಷರದ ಎರಡು ಸಾಲಿನ ಪರದೆ. ಒಂದೊಂದು ಅಕ್ಷರಕ್ಕೆ ಐದು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರ. ಇಂಗ್ಲಿಷ್ ಅಕ್ಷರಗಳು ಅದರಲ್ಲೇ ಇರುತ್ತವೆ. ನಮ್ಮದೇ ಅಕ್ಷರ ಬೇಕೆಂದರೆ ಒಮ್ಮೆಗೆ ಎಂಟನ್ನು ಮಾತ್ರ ಹೊಸದಾಗಿ ಬರೆದುಕೊಳ್ಳಬಹುದು. ಮರಾಠಿಯ ಶಿರೋರೇಖೆಯನ್ನು ಹೇಗೋ ಎಳೆಯಬಹುದು, ಕನ್ನಡದ ಒತ್ತಕ್ಷರಕ್ಕೆ ಕೆಳಗೆ ಜಾಗವೇ ಇಲ್ಲ. ‘ರಾಷ್ಟ್ರ’ ಎಂಬ ಪದ ಬರೆಯಲು ಕೂತರೆ ಗೊತ್ತಾಗುತ್ತದೆ.

ಅದಕ್ಕೇ ನಾವು ಪರದೆ ಬಿಟ್ಟು ಧ್ವನಿಗೆ ಹೋದೆವು. ರೈತ ಫೋನ್ ಮಾಡಿದರೆ ಪೆಟ್ಟಿಗೆಯೇ ಮರಾಠಿಯಲ್ಲಿ ಉತ್ತರ ಹೇಳುತ್ತದೆ. ಕರ್ನಾಟಕಕ್ಕೆ ಕಳಿಸುವ ಪೆಟ್ಟಿಗೆಗಳಿಗೆ ಕನ್ನಡದ ಧ್ವನಿ ಬೇಕಾದಾಗ ಕಂಪನಿಯಲ್ಲಿದ್ದ ಒಬ್ಬನೇ ಕನ್ನಡಿಗ ನಾನು. ‘ಮೋಟಾರು ಚಾಲನೆಯಲ್ಲಿದೆ’ ಎಂದು ಬರೆದುಕೊಟ್ಟಿದ್ದರು. ಹಾಗೆ ನಮ್ಮ ಕಡೆ ಯಾರು ಮಾತಾಡುತ್ತಾರೆ? ‘ಮೋಟರ್ ಚಾಲೂ ಅದ’ ಎಂದರೆ ಬೀದರ್, ಕಲಬುರಗಿಯವರಿಗೆ ಸರಿ, ಮಂಡ್ಯದವರಿಗೆ ನಗು. ಕೊನೆಗೆ ಎರಡು ಧ್ವನಿ ಇಟ್ಟೆವು, ಉತ್ತರಕ್ಕೊಂದು, ದಕ್ಷಿಣಕ್ಕೊಂದು. ಮೆಮೊರಿ ಹೆಚ್ಚು ತಿಂದಿತು, ಆದರೆ ‘ಏನ್ ಹೇಳ್ತದ ತಿಳಿಯಂಗಿಲ್ಲ’ ಎಂಬ ಫೋನ್ ಕಡಿಮೆಯಾಯಿತು. ಮರಾಠವಾಡಾವೂ ನಮ್ಮ ಬೀದರೂ 1948ರ ಸೆಪ್ಟೆಂಬರ್ 17ರವರೆಗೆ ಒಂದೇ ನಿಜಾಮ ರಾಜ್ಯದಲ್ಲಿದ್ದವು. ಅದಕ್ಕೋ ಏನೋ, ಇಲ್ಲಿಯ ರೈತರ ಮಾತು, ಬೈಗುಳ, ಬಿಸಿಲು ಯಾವುದೂ ನನಗೆ ಪರಕೀಯ ಅನಿಸಿಲ್ಲ.

ಇದು ಯಾರ ಕೆಲಸ?

ಕನ್ನಡ ತಾಲ್ಲೂಕಿನ ಒಬ್ಬ ಹಿರಿಯ ರೈತರು ಒಮ್ಮೆ ಹೇಳಿದರು: ‘ಸಾಹೇಬ, ಮಶೀನ್ ಚಾಂಗಲಂ ಆಹೇ, ಪಣ ವಿಚಾರಾಯಚಂ ಕೋಣಾಲಾ?’ ಮಶೀನೇನೋ ಚೆನ್ನಾಗಿದೆ, ಆದರೆ ಕೇಳಬೇಕೆಂದರೆ ಯಾರನ್ನು ಕೇಳುವುದು? ಅವರ ಬಾವಿಯ ಪಕ್ಕ ಇದ್ದದ್ದು ನಮ್ಮ ಪೆಟ್ಟಿಗೆಯಲ್ಲ, ಮುಚ್ಚಿಹೋದ ಇನ್ನೊಂದು ಕಂಪನಿಯದು. ಬೋರ್ಡು ಸರಿಯಾಗಿಯೇ ಇತ್ತು. ರೈತರ ಮೊಬೈಲ್ ನಂಬರ್ ಬದಲಾಗಿತ್ತು ಅಷ್ಟೇ. ಹೊಸ ನಂಬರ್ ಸೇರಿಸಲು ಕಂಪನಿಯ ಪಾಸ್‌ವರ್ಡ್ ಬೇಕಿತ್ತು. ಕಂಪನಿಯೇ ಇಲ್ಲದ ಮೇಲೆ ಪಾಸ್‌ವರ್ಡ್ ಯಾರು ಕೊಡುತ್ತಾರೆ? ಕೆಡದೇ ಇರುವ ಪೆಟ್ಟಿಗೆ ಗುಜರಿಗೆ ಹೋಯಿತು.

ನಮ್ಮ ಉದ್ಯಮದಲ್ಲಿ ಹೊಸದು ಮಾಡಿದವರಿಗೆ ಬಡ್ತಿ, ಹಳೆಯದನ್ನು ನಡೆಸುವವರಿಗೆ ‘ಸಪೋರ್ಟ್’ ಎಂಬ ಹೆಸರು. ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಹೋದ ಹುಡುಗರು ‘ಮೇಂಟೆನೆನ್ಸ್ ಪ್ರಾಜೆಕ್ಟ್’ ಎಂದರೆ ಮುಖ ಕಿವಿಚುತ್ತಾರೆ. ಅವರ ತಪ್ಪೇನಲ್ಲ, ಸಂಬಳವೇ ಹಾಗಿದೆ. ಆದರೆ ಕಾನೂನು ನಿಧಾನವಾಗಿ ಬೇರೆ ದಿಕ್ಕಿಗೆ ತಿರುಗುತ್ತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ವಾಹನ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆ ಕೃಷಿ ಉಪಕರಣವೂ ಅದರಲ್ಲಿದೆ. ಯುರೋಪಿನ ಸೈಬರ್ ರೆಸಿಲಿಯನ್ಸ್ ಕಾಯ್ದೆಯ ಮುಖ್ಯ ನಿಯಮಗಳು 2027ರ ಡಿಸೆಂಬರ್ 11ರಿಂದ ಜಾರಿಗೆ ಬರುತ್ತವೆ. ಅಲ್ಲಿಗೆ ಡಿಜಿಟಲ್ ಸಾಧನ ಮಾರುವವರು ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಭದ್ರತೆಯ ಅಪ್‌ಡೇಟ್ ಕೊಡಲೇಬೇಕು. ಪುಣೆ, ನಾಸಿಕ್, ಬೆಂಗಳೂರಿನಿಂದ ರಫ್ತು ಮಾಡುವವರಿಗೆ ಇನ್ನು ನಿರ್ವಹಣೆ ಎಂಬುದು ಉಪಕಾರವಲ್ಲ, ನಿಯಮ.

ಇದು ಹೊಲದ ಮಾತಷ್ಟೇ ಅಲ್ಲ ಎಂಬುದಕ್ಕೆ 2016ರ ಮಿರಾಯ್ ದಾಳಿಯೇ ಸಾಕ್ಷಿ. ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್ ಬದಲಿಸದ, ಅಪ್‌ಡೇಟ್ ಕಾಣದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ಕೈವಶ ಮಾಡಿಕೊಂಡು ಅಮೆರಿಕದ ದೊಡ್ಡ ಜಾಲತಾಣಗಳನ್ನೇ ಕೆಲವು ಗಂಟೆ ನಿಲ್ಲಿಸಿದ್ದರು. ಮನೆಯ ಮೂಲೆಯಲ್ಲಿ ಮಿಣುಕುವ ರೂಟರು ಕೊನೆಯ ಸಲ ಯಾವಾಗ ಅಪ್‌ಡೇಟ್ ಆಯಿತು ಎಂದು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ?

ಆದ್ದರಿಂದ ಊರಿನಲ್ಲಿ ಅಪ್ಪನಿಗೆ ಪಂಪಿನ ಪೆಟ್ಟಿಗೆ ಕೊಡಿಸುವಾಗ, ಅಪಾರ್ಟ್‌ಮೆಂಟಿಗೆ ಕ್ಯಾಮೆರಾ, ನೀರಿನ ಮೀಟರು ಹಾಕಿಸುವಾಗ ಬೆಲೆಯ ಜೊತೆ ಇನ್ನೂ ನಾಲ್ಕು ಪ್ರಶ್ನೆ ಕೇಳಿ. ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತೀರಿ? ನಂಬರ್, ಪಾಸ್‌ವರ್ಡ್ ನಾವೇ ಬದಲಿಸಬಹುದೇ? ನೆಟ್‌ವರ್ಕ್ ಬದಲಾದರೆ ಮೋಡೆಮ್ ಮಾತ್ರ ಬದಲಿಸಲು ಬರುತ್ತದೆಯೇ? ನಿಮ್ಮ ಕಂಪನಿ ಮುಚ್ಚಿದರೆ ಅಥವಾ ಸರ್ವರ್ ನಿಂತರೆ ಪೆಟ್ಟಿಗೆ ಒಂಟಿಯಾಗಿ ಕೆಲಸ ಮಾಡುತ್ತದೆಯೇ? ಮಾರುವವರು ಮೊದಮೊದಲು ತಡವರಿಸುತ್ತಾರೆ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿದ್ಧವಿರುತ್ತದೆ.

ಈ ಕಸುಬಿನಲ್ಲಿರುವ ಕಿರಿಯರಿಗೆ ಐದನೆಯ ಪ್ರಶ್ನೆಯೊಂದಿದೆ. ಬಹಳಷ್ಟು ಹಳೆಯ ವ್ಯವಸ್ಥೆಗಳು 1970ರಿಂದ ಎಷ್ಟು ಸೆಕೆಂಡ್ ಆಯಿತು ಎಂದು 32 ಬಿಟ್ಟಿನಲ್ಲಿ ಎಣಿಸಿ ದಿನಾಂಕ ಹೇಳುತ್ತವೆ. ಆ ಎಣಿಕೆ ತುಂಬುವುದು 2038ರ ಜನವರಿ 19, ಮಂಗಳವಾರ, ನಮ್ಮ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಕ್ಷಣ ಅವು 1901ಕ್ಕೆ ಹೋಗಿ ಕೂರುತ್ತವೆ. ಲಿನಕ್ಸ್ 2020ರ 5.6 ಆವೃತ್ತಿಯಲ್ಲಿ 32 ಬಿಟ್ಟಿನ ಚಿಪ್ಪುಗಳಿಗೂ ಇದಕ್ಕೆ ದಾರಿ ಮಾಡಿತು. ಆದರೆ ಅದಕ್ಕಿಂತ ಹಳೆಯ ಆವೃತ್ತಿ ತುಂಬಿದ ಪೆಟ್ಟಿಗೆಗಳು ಇವತ್ತಿಗೂ ಕಂಬ ಹತ್ತುತ್ತಿವೆ. 2021ರಲ್ಲಿ ಶುರುವಾದ ಕೇಂದ್ರದ ಯೋಜನೆಯೊಂದರಲ್ಲೇ 25 ಕೋಟಿ ಸ್ಮಾರ್ಟ್ ಮೀಟರುಗಳ ಗುರಿ ಇದೆ. ಇವತ್ತು ಹಾಕಿದ ಸಾಧನಗಳಲ್ಲಿ ಎಷ್ಟೋ 2038ರಲ್ಲೂ ಗೋಡೆಯ ಮೇಲೇ ಇರುತ್ತವೆ. ನಾವು ಆ ಹೊತ್ತಿಗೆ ಬೇರೆ ಕಂಪನಿಯಲ್ಲೋ, ನಿವೃತ್ತರಾಗಿಯೋ ಇರುತ್ತೇವೆ.

ನಿಮ್ಮ ಗಡಿಯಾರವನ್ನು ಇವತ್ತೇ ಆ ದಿನಕ್ಕೆ ತಿರುಗಿಸಿ, ಸಂಜೆಯವರೆಗೆ ಓಡಿಸಿ ನೋಡಿ. ಕಂಡದ್ದನ್ನು ಬರೆದಿಟ್ಟು, ಆ ಕಾಗದವನ್ನು ಮೂಲ ಕೋಡಿನ ಜೊತೆಗೇ ಇಡಿ. ಆ ಬೆಳಿಗ್ಗೆ ಪೆಟ್ಟಿಗೆಯ ಮುಂದೆ ನಿಲ್ಲುವ ಹುಡುಗನಿಗೋ ಹುಡುಗಿಗೋ ಅಷ್ಟು ಸಿಕ್ಕರೆ ಸಾಕು.